ಪೆಟ್ಟಿಗೆ ಕೆಟ್ಟರೂ ಸರ್ವರ್ ಉಳಿಯಬೇಕು

ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಬಹಳ ಜನ ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರು. ಆಡಿಟರ್ ಕಚೇರಿ, ಔಷಧಿ ಹೋಲ್‌ಸೇಲ್ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಶಾಲೆ. ಎಂಟ್ಹತ್ತು ಜನ ಕೆಲಸ ಮಾಡುವ ಜಾಗ. ಮೂಲೆಯಲ್ಲಿ ಒಂದು ಪೆಟ್ಟಿಗೆ. ಫೈಲುಗಳು ಅದರಲ್ಲಿ, ಲೆಕ್ಕಪತ್ರ ಅದರಲ್ಲಿ, ಪ್ರಿಂಟರ್ ಹಂಚಿಕೆ ಅದರಲ್ಲಿ. ಒಳಗೆ ಲಿನಕ್ಸ್ ಇದೆ. ವರ್ಷಗಟ್ಟಲೆ ಯಾರೂ ಮುಟ್ಟದೆ ಓಡುತ್ತಿದೆ.

ಒಂದು ದಿನ ಆ ಪೆಟ್ಟಿಗೆಯ ಮದರ್‌ಬೋರ್ಡ್ ಸುಟ್ಟುಹೋಗುತ್ತದೆ. ಅದೇ ಮಾದರಿಯ ಬೋರ್ಡ್ ಈಗ ಸಿಗುವುದಿಲ್ಲ. ಹಾರ್ಡ್‌ಡಿಸ್ಕ್ ಚೆನ್ನಾಗಿದೆ, ಡೇಟಾ ಇದೆ. ಆದರೂ ಕಚೇರಿ ನಿಂತುಹೋಗುತ್ತದೆ. ಯಾಕೆಂದರೆ ಹೊಸ ಯಂತ್ರಕ್ಕೆ ಲಿನಕ್ಸ್ ಹಾಕಬೇಕು, ಫೈಲು ಹಂಚುವ ಸಾಂಬಾ ಸಾಫ್ಟ್‌ವೇರನ್ನು ಸೆಟ್ ಮಾಡಬೇಕು. ಯಾರಿಗೆ ಯಾವ ಫೋಲ್ಡರ್ ತೋರಿಸಬೇಕು ಅನ್ನುವುದನ್ನು ನೆನಪಿನಿಂದ ಕಟ್ಟಬೇಕು. ಮೊದಲು ಸೆಟ್ ಮಾಡಿದವರು ಊರು ಬಿಟ್ಟು ಹೋಗಿರುತ್ತಾರೆ.

ಇದಕ್ಕೆ ಮದ್ದು ವರ್ಚುವಲೈಸೇಶನ್. ಅಂದರೆ ಒಂದು ನಿಜವಾದ ಯಂತ್ರದ (ಹೋಸ್ಟ್) ಒಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಯಂತ್ರಗಳನ್ನು (ವಿಎಂ ಅಥವಾ ಗೆಸ್ಟ್) ಓಡಿಸುವುದು. ಅದರ ಬಗ್ಗೆ ಮಾತಾಡುವಾಗ ಎಲ್ಲರೂ ಮೊದಲು ಹೇಳುವುದು ಉಳಿತಾಯ. ಮೂರು ಯಂತ್ರದ ಕೆಲಸ ಒಂದರಲ್ಲಿ ಆಗುತ್ತೆ, ಕರೆಂಟ್ ಬಿಲ್ ಕಡಿಮೆ, ಹೀಗೆ. ದೊಡ್ಡ ಕಂಪನಿಗಳಿಗೆ ಅದು ಸರಿ. ಸಣ್ಣ ಕಚೇರಿಗೆ ಅದು ಅಷ್ಟು ದೊಡ್ಡ ಮಾತಲ್ಲ. ನಮಗೆ ಇದು ಬೇಕಾಗಿರುವುದು ಬೇರೆ ಕಾರಣಕ್ಕೆ. ಸರ್ವರ್ ಅನ್ನುವುದು ಕಬ್ಬಿಣದ ಪೆಟ್ಟಿಗೆಗೆ ಅಂಟಿಕೊಂಡಿರಬಾರದು. ಬೆಳಿಗ್ಗೆ ಯಂತ್ರ ಕೆಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಸರ್ವರ್, ಅದೇ ಹೆಸರು, ಅದೇ ಪಾಸ್‌ವರ್ಡ್‌ಗಳೊಂದಿಗೆ ಇನ್ನೊಂದು ಯಂತ್ರದಲ್ಲಿ ಎದ್ದು ನಿಲ್ಲಬೇಕು. ಇವತ್ತು ನಾನು ಹೇಳುವ ಪ್ರತಿ ಸೆಟ್ಟಿಂಗ್ ಅನ್ನೂ ಈ ಒಂದು ಪ್ರಶ್ನೆಯಿಂದ ಅಳೆಯಿರಿ: ಇದು ಸರ್ವರನ್ನು ಬೇರೆ ಪೆಟ್ಟಿಗೆಗೆ ಸಾಗಿಸುವುದನ್ನು ಸುಲಭ ಮಾಡುತ್ತದೋ, ಕಷ್ಟ ಮಾಡುತ್ತದೋ?

ಇಲ್ಲಿಯವರೆಗೆ ಬಂದದ್ದು ಹೇಗೆ

ಸಣ್ಣ ವ್ಯವಹಾರಕ್ಕೆಂದೇ ಸರ್ವರ್ ಮಾಡುವ ಯೋಚನೆ ಹಳೆಯದು. ಮೈಕ್ರೋಸಾಫ್ಟ್ 1997ರಲ್ಲಿ ಸ್ಮಾಲ್ ಬಿಸಿನೆಸ್ ಸರ್ವರ್ ತಂದಿತು. ಆ ಸಾಲು 2011ರ ಆವೃತ್ತಿಯೊಂದಿಗೆ ಮುಗಿಯಿತು. ಲಿನಕ್ಸ್ ಕಡೆಯಿಂದ ಕೆನಡಾದ ಒಟ್ಟಾವಾದಲ್ಲಿ ಇ-ಸ್ಮಿತ್ ಅನ್ನುವ ಕಂಪನಿ 1999ರ ಹೊತ್ತಿಗೆ ಇದೇ ಕೆಲಸಕ್ಕೆ ಇಳಿಯಿತು. ಒಂದು ಸಿಡಿ ಹಾಕಿ, ನಾಲ್ಕೈದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ಫೈಲ್ ಸರ್ವರ್, ಮೇಲ್, ವೆಬ್, ಫೈರ್‌ವಾಲ್ ಎಲ್ಲ ಒಟ್ಟಿಗೆ ಸಿದ್ಧವಾಗುತ್ತಿತ್ತು. 2001ರಲ್ಲಿ ಮೈಟೆಲ್ ಕಂಪನಿ ಅದನ್ನು ಕೊಂಡಿತು. ಮುಂದೆ ಅದು ಬಳಕೆದಾರರ ಕೈಗೇ ಬಂತು. ಎಸ್‌ಎಂಇ ಸರ್ವರ್ ಅನ್ನುವ ಹೆಸರಿನಲ್ಲಿ, ಕೂಝಾಲಿ ಸಂಸ್ಥೆಯ ಆಶ್ರಯದಲ್ಲಿ ಉಳಿದುಕೊಂಡಿತು. ಇಟಲಿಯ ನೆತ್‌ಸರ್ವರ್, ಸ್ಪೇನಿನ ಝೆಂಟ್ಯಾಲ್ ಕೂಡ ಇದೇ ದಾರಿಯವು. ಡೆಬಿಯನ್ ಅನ್ನುವ ಸಾಮಾನ್ಯ ಲಿನಕ್ಸ್ ಮಾತ್ರ ಹಾಕಿ ಮೇಲೆ ಸಾಂಬಾ ಕಟ್ಟುವವರೂ ಬಹಳ ಜನ ಇದ್ದಾರೆ. ನಾನು ಹೇಳುವುದು ಎಲ್ಲಕ್ಕೂ ಹೊಂದುತ್ತದೆ.

ಇನ್ನೊಂದು ಕಡೆ ವರ್ಚುವಲೈಸೇಶನ್. ಐಬಿಎಂನ ದೊಡ್ಡ ಯಂತ್ರಗಳಲ್ಲಿ ಇದು 1960ರ ದಶಕದಿಂದಲೇ ಇತ್ತು. ನಮ್ಮ ಮೇಜಿನ ಮೇಲಿನ ಪಿಸಿಗೆ ಬರಲು ತಡವಾಯಿತು. ಇಂಟೆಲ್ ಪ್ರೊಸೆಸರಿನಲ್ಲಿ ಕೆಲವು ಆದೇಶಗಳು ಹೋಸ್ಟ್‌ಗೆ ಗೊತ್ತಾಗದಂತೆ ಸುಮ್ನೆ ನಡೆದುಬಿಡುತ್ತಿದ್ದವು. ಅವನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಚಿಪ್‌ನಲ್ಲಿ ಇರಲಿಲ್ಲ. 1998ರಲ್ಲಿ ಶುರುವಾದ ವಿಎಂವೇರ್ ಕಂಪನಿ ಆ ಆದೇಶಗಳನ್ನು ಓಡುತ್ತಿರುವಾಗಲೇ ಬದಲಿಸುವ ಉಪಾಯ ಕಂಡುಕೊಂಡಿತು. 2005–06ರಲ್ಲಿ ಇಂಟೆಲ್ ಮತ್ತು ಎಎಂಡಿ ಚಿಪ್‌ನಲ್ಲೇ ಬೆಂಬಲ ಕೊಟ್ಟವು. ಅದನ್ನು ಬಳಸಿಕೊಂಡು ಇಸ್ರೇಲಿನ ಕುಮ್ರಾನೆಟ್ ಕಂಪನಿಯಲ್ಲಿ ಆವಿ ಕಿವಿಟಿ ಕೆವಿಎಂ ಅನ್ನುವ ವರ್ಚುವಲೈಸೇಶನ್ ಸಾಫ್ಟ್‌ವೇರ್ ಬರೆದರು. 2007ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 2.6.20ರೊಳಗೆ ಅದು ಸೇರಿಕೊಂಡಿತು. ಅಂದರೆ ಅಲ್ಲಿಂದ ಮುಂದೆ ಅಂಥ ಚಿಪ್ ಇರುವ ಯಾವುದೇ ಲಿನಕ್ಸ್ ಯಂತ್ರ ತನ್ನೊಳಗೆ ಬೇರೆ ಯಂತ್ರಗಳನ್ನು ಓಡಿಸಬಲ್ಲದು. ಇದಕ್ಕಾಗಿ ಯಾರಿಗೂ ಲೈಸೆನ್ಸ್ ಹಣ ಕೊಡಬೇಕಾಗಿಲ್ಲ. ಸಣ್ಣ ಕಚೇರಿಗೆ ಇದು ದೊಡ್ಡ ಕೊಡುಗೆ. 2008ರಲ್ಲಿ ವಿಯೆನ್ನಾದಿಂದ ಬಂದ ಪ್ರಾಕ್ಸ್‌ಮಾಕ್ಸ್ ಇದೇ ಕೆವಿಎಂ ಅನ್ನು ಡೆಬಿಯನ್ ಮೇಲೆ ಕೂರಿಸಿ, ಬ್ರೌಸರಿನಿಂದಲೇ ನಡೆಸುವ ಹಾಗೆ ಮಾಡಿತು.

ವಿಎಂವೇರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬಹಳ ಸಣ್ಣ ಕಚೇರಿಗಳು ವಿಎಂ ಓಡಿಸುವ ಅದರ ಇಎಸ್‌ಎಕ್ಸ್‌ಐ ಸಾಫ್ಟ್‌ವೇರಿನ ಉಚಿತ ಆವೃತ್ತಿಯ ಮೇಲೆ ನಿಂತಿದ್ದವು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತ ಅನ್ನುವ ಲೈಸೆನ್ಸ್‌ಗಳ ಮಾರಾಟ ನಿಂತಿತು. 2024ರ ಫೆಬ್ರವರಿಯಲ್ಲಿ ಉಚಿತ ಆವೃತ್ತಿಯೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ಬಂತು. ಹೀಗೆ ಬಂದುಹೋಗುವ ನೆಲದ ಮೇಲೆ ಕಚೇರಿಯ ಬುಡ ಕಟ್ಟಬೇಕಾ? ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಶುರು ಮಾಡುವವರಿಗೆ ಕೆವಿಎಂ ದಾರಿಯೇ ಸರಿ. ಈಗಾಗಲೇ ಇಎಸ್‌ಎಕ್ಸ್‌ಐ ಮೇಲೆ ಇರುವವರಿಗೂ ದಾರಿ ಇದೆ. ಪ್ರಾಕ್ಸ್‌ಮಾಕ್ಸ್ 2024ರಲ್ಲಿ ಅಲ್ಲಿನ ವಿಎಂಗಳನ್ನು ನೇರವಾಗಿ ಎಳೆದುಕೊಳ್ಳುವ ಸೌಲಭ್ಯ ಕೊಟ್ಟಿದೆ.

ಹಳೆಯ ಯಂತ್ರವನ್ನು ಒಳಗೆ ತರುವಾಗ

ಓಡುತ್ತಿರುವ ಹಳೆಯ ಸರ್ವರಿನ ಡಿಸ್ಕನ್ನು ಹಾಗೇ ನಕಲು ಮಾಡಿ ವಿಎಂ ಮಾಡಬಹುದು. ನಕಲು ಸುಲಭ. ಮೊದಲ ಬೂಟ್ ಕಷ್ಟ. ಸಾಮಾನ್ಯವಾಗಿ ಎರಡು ಕಡೆ ಸಿಕ್ಕಿಬೀಳುತ್ತದೆ.

ಮೊದಲನೆಯದು ಡಿಸ್ಕ್ ಡ್ರೈವರ್. ಬೂಟ್ ಆಗುವಾಗ ಲಿನಕ್ಸ್ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಸಣ್ಣ ಕಡತ ಇದೆ. ಹಲವು ವ್ಯವಸ್ಥೆಗಳಲ್ಲಿ ಅದು ಆ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನು ಮಾತ್ರ ಇಟ್ಟುಕೊಂಡಿರುತ್ತದೆ. ಹೊಸ ಜಾಗದಲ್ಲಿ ಡಿಸ್ಕ್ ವರ್ಟ್‌ಐಓ, ಅಂದರೆ ವಿಎಂಗಾಗಿಯೇ ಮಾಡಿದ ರೂಪದಲ್ಲಿ ಕಾಣಿಸುತ್ತದೆ. ಡ್ರೈವರ್ ಇಲ್ಲ. ರೂಟ್ (ಲಿನಕ್ಸ್ ಇರುವ ಮುಖ್ಯ ಡಿಸ್ಕ್ ಭಾಗ) ಸಿಗಲಿಲ್ಲ ಅಂತ ನಿಂತುಬಿಡುತ್ತದೆ. ಆಗ ಗಾಬರಿಯಾಗಬೇಡಿ. ಡಿಸ್ಕನ್ನು ತಾತ್ಕಾಲಿಕವಾಗಿ ಐಡಿಇ ಅಥವಾ ಸಾಟಾ ಅಂತ ತೋರಿಸಿ, ಬೂಟ್ ಮಾಡಿ. ಡ್ರಾಕಟ್ ಅನ್ನುವ ಆದೇಶದಿಂದ ಆ ಇನಿಟ್‌ರಾಮ್‌ಎಫ್‌ಎಸ್ ಕಡತವನ್ನು ವರ್ಟ್‌ಐಓ ಸೇರಿಸಿ ಮತ್ತೆ ಕಟ್ಟಿ. ಆಮೇಲೆ ವರ್ಟ್‌ಐಓಗೆ ಬದಲಿಸಿ. ಇನ್ನೂ ಒಳ್ಳೆಯದು ಅಂದರೆ ಹಳೆಯ ಪೆಟ್ಟಿಗೆ ಜೀವಂತ ಇರುವಾಗಲೇ, ನಕಲಿಗೆ ಮೊದಲೇ ಈ ಕೆಲಸ ಮುಗಿಸುವುದು. ಐಡಿಇಯಲ್ಲೇ ಬಿಟ್ಟರೂ ಓಡುತ್ತದೆ. ಆದರೆ ಇಲ್ಲದ ಹಾರ್ಡ್‌ವೇರನ್ನು ಇದೆ ಅಂತ ನಟಿಸುವುದರಲ್ಲೇ ಸಿಪಿಯು ದಣಿಯುತ್ತದೆ. ವರ್ಟ್‌ಐಓದಲ್ಲಿ ಗೆಸ್ಟ್‌ಗೆ ತಾನು ವಿಎಂ ಒಳಗಿದ್ದೇನೆ ಅಂತ ಗೊತ್ತು. ಹಾಗಾಗಿ ಕೆಲಸ ನೇರ. ರಸ್ಟಿ ರಸೆಲ್ ಶುರು ಮಾಡಿದ ಈ ವ್ಯವಸ್ಥೆ 2008ರಿಂದ ಲಿನಕ್ಸ್‌ನಲ್ಲೇ ಇದೆ.

ಎರಡನೆಯದು ನೆಟ್‌ವರ್ಕ್ ಕಾರ್ಡಿನ ಹೆಸರು. ಹೊಸ ಕಾರ್ಡ್, ಹೊಸ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ). ಹಳೆಯ ಲಿನಕ್ಸ್ ಹಿಂದಿನ ಕಾರ್ಡನ್ನು ಯುಡೆವ್ (ಸಾಧನಗಳಿಗೆ ಹೆಸರಿಡುವ ವ್ಯವಸ್ಥೆ) ನಿಯಮದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಇಟಿಎಚ್0 ಅನ್ನುವ ಹೆಸರು ಆಗಲೇ ಕೊಟ್ಟಾಗಿದೆ ಅಂತ ಹೊಸದಕ್ಕೆ ಇಟಿಎಚ್1 ಅಂತ ಇಡುತ್ತದೆ. ನಿಮ್ಮ ಐಪಿ ಸೆಟ್ಟಿಂಗ್ ಹಳೆಯ ಹೆಸರಿನಲ್ಲೇ ಇದೆ. ಸರ್ವರ್ ಎದ್ದಿದೆ, ಆದರೆ ಯಾರಿಗೂ ಕಾಣುವುದಿಲ್ಲ. ಹೊಸ ಲಿನಕ್ಸ್‌ಗಳಲ್ಲಿ ಪ್ರಾಕ್ಸ್‌ಮಾಕ್ಸ್ ಕೆಳಗೆ ಹೆಸರು ಸಾಮಾನ್ಯವಾಗಿ ಇಎನ್‌ಎಸ್18 ಅಂತ ಬರುತ್ತದೆ. ಅದನ್ನು ತಿದ್ದಿದರೆ ಆಯಿತು.

ಇನ್ನೊಂದು ಸಣ್ಣ ವಿಷಯ. ಎಸ್‌ಎಂಇ ಸರ್ವರಿನ ಇನ್‌ಸ್ಟಾಲರ್ ಒಂದೇ ಡಿಸ್ಕ್ ಇದ್ದರೂ ಮಿರರ್ ರೇಡ್ (ಎರಡು ಡಿಸ್ಕ್‌ಗಳಲ್ಲಿ ಒಂದೇ ಡೇಟಾ ಇಡುವುದು) ಕಟ್ಟಲು ಹೋಗುತ್ತದೆ, ಮುಂದೆ ಇನ್ನೊಂದು ಡಿಸ್ಕ್ ಸೇರಿಸಲಿ ಅಂತ. ನಿಜವಾದ ಪೆಟ್ಟಿಗೆಯಲ್ಲಿ ಅದು ಒಳ್ಳೆಯ ಯೋಚನೆ. ವಿಎಂನಲ್ಲಿ ಅದಕ್ಕೆ ಅರ್ಥವಿಲ್ಲ. ಮಿರರ್ ಹೋಸ್ಟ್‌ನಲ್ಲಿ ಇರಬೇಕು, ಎರಡು ನಿಜವಾದ ಡಿಸ್ಕ್‌ಗಳ ಮೇಲೆ. ಒಂದೇ ಎಸ್‌ಎಸ್‌ಡಿ ಮೇಲೆ ಕೂತ ಎರಡು ವರ್ಚುವಲ್ ಡಿಸ್ಕ್‌ಗಳನ್ನು ಮಿರರ್ ಮಾಡಿದರೆ ಬರಹ ಎರಡು ಪಟ್ಟು. ಭದ್ರತೆ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ.

ಡಿಸ್ಕ್‌ಗೆ ನಿಜವಾಗಿ ಬರೆದಾಯಿತಾ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಡೇಟಾ ಹಾಳಾಗುವ ಅಪಾಯ ಜಾಸ್ತಿ ಇರುವುದು ಇಲ್ಲೇ.

ಲೆಕ್ಕದ ಸಾಫ್ಟ್‌ವೇರ್ ಒಂದು ವೋಚರ್ ಉಳಿಸಿತು ಅಂದುಕೊಳ್ಳಿ. ಡೇಟಾಬೇಸ್ ಅದನ್ನು ಬರೆದು, ಎಫ್‌ಸಿಂಕ್ ಕೇಳುತ್ತದೆ. ಅಂದರೆ 'ಇದು ಡಿಸ್ಕ್ ಮುಟ್ಟಿದ ಮೇಲೆ ನನಗೆ ಹೇಳು' ಅಂತ. ವಿಎಂನಲ್ಲಿ ಈ ಮಾತು ಬಹಳ ಕೈ ದಾಟಬೇಕು. ಗೆಸ್ಟ್‌ನ ಕರ್ನಲ್ (ಲಿನಕ್ಸ್‌ನ ತಿರುಳು), ವರ್ಚುವಲ್ ಡಿಸ್ಕ್, ಹೋಸ್ಟ್‌ನ ಕರ್ನಲ್, ರೇಡ್, ಕೊನೆಗೆ ಎಸ್‌ಎಸ್‌ಡಿಯೊಳಗಿನ ಕ್ಯಾಶ್ ಅನ್ನುವ ತಾತ್ಕಾಲಿಕ ಮೆಮೊರಿ. ನಡುವೆ ಒಬ್ಬರು ಸುಳ್ಳು ಹೇಳಿದರೂ ಮುಗಿಯಿತು. ಕೊರಿಯರ್ ಕವರ್ ಯಜಮಾನರ ಕೈ ಸೇರುವ ಮೊದಲೇ ಗೇಟಿನ ಕಾವಲುಗಾರ 'ತಲುಪಿತು' ಅಂತ ಸಹಿ ಹಾಕಿದ ಹಾಗೆ. ಕರೆಂಟ್ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಕರೆಂಟ್ ಹೋದ ದಿನ ಡೇಟಾಬೇಸ್ ಮುರಿದಿರುತ್ತದೆ.

ಕೆವಿಎಂನಲ್ಲಿ ಪ್ರತಿ ವರ್ಚುವಲ್ ಡಿಸ್ಕ್‌ಗೂ ಒಂದು ಕ್ಯಾಶ್ ಆಯ್ಕೆ ಇರುತ್ತದೆ. 'ನನ್' ಅಂತ ಇಟ್ಟರೆ ಹೋಸ್ಟ್‌ನ ಮೆಮೊರಿಯನ್ನು ಬಳಸದೆ ನೇರ ಬರೆಯುತ್ತದೆ, ಗೆಸ್ಟ್ ಕೇಳಿದ ಫ್ಲಶ್ (ಡಿಸ್ಕ್‌ಗೆ ಬರೆದು ಮುಗಿಸು ಅನ್ನುವ ಮಾತು) ಕೆಳಗೆ ಹೋಗುತ್ತದೆ. ಪ್ರಾಕ್ಸ್‌ಮಾಕ್ಸ್ ತಾನಾಗಿ ಕೊಡುವುದು ಇದನ್ನೇ. 'ರೈಟ್‌ಬ್ಯಾಕ್' ಹೋಸ್ಟ್‌ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಆದರೂ ಫ್ಲಶ್ ಕೇಳಿದಾಗ ಮರ್ಯಾದೆ ಕೊಡುತ್ತದೆ. 'ಅನ್‌ಸೇಫ್' ಅನ್ನುವುದೊಂದಿದೆ. ಅದು ಫ್ಲಶ್ ಮಾತನ್ನೇ ಕೇಳುವುದಿಲ್ಲ. ವೇಗ ನೋಡಿ ಮರುಳಾಗಿ ಕೆಲವರು ಅದನ್ನು ಹಾಕುತ್ತಾರೆ. ದಯವಿಟ್ಟು ಬೇಡ. ಪರೀಕ್ಷೆಗೆ ಮಾಡಿ ಎಸೆಯುವ ವಿಎಂಗೆ ಸರಿ. ಇನ್ನೊಬ್ಬರ ಲೆಕ್ಕಪತ್ರ ಇರುವ ಕಡೆ ಅದಕ್ಕೆ ಜಾಗವಿಲ್ಲ.

ಎಸ್‌ಎಸ್‌ಡಿ ವಿಷಯಕ್ಕೂ ಬರೋಣ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಸ್‌ಡಿಯಲ್ಲಿ ಕರೆಂಟ್ ಹೋದಾಗ ಕ್ಯಾಶ್ ಉಳಿಸುವ ಕೆಪಾಸಿಟರ್‌ಗಳು ಇರುವುದಿಲ್ಲ. ಸರ್ವರ್ ದರ್ಜೆಯವುಗಳಲ್ಲಿ ಇರುತ್ತವೆ. ಇದು ಭದ್ರತೆಗೆ ಮಾತ್ರವಲ್ಲ, ವೇಗಕ್ಕೂ ಬೇಕು. ಕೆಪಾಸಿಟರ್ ಇದ್ದರೆ ಡ್ರೈವ್ ಧೈರ್ಯವಾಗಿ ಬೇಗ 'ಆಯಿತು' ಅನ್ನಬಹುದು. ಇಲ್ಲದ ಡ್ರೈವ್ ಪ್ರತಿ ಸಲವೂ ಚಿಪ್‌ಗೆ ಬರೆದು ಮುಗಿಸಬೇಕು. ಅಂಥ ಅಗ್ಗದ ಡ್ರೈವ್ ಮೇಲೆ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಹಾಕಿದರೆ ಮೂರ್ನಾಲ್ಕು ವಿಎಂಗೆ ಇಡೀ ಯಂತ್ರ ತೆವಳುತ್ತದೆ. ಆಗ ಜನ ಲಿನಕ್ಸನ್ನು ಬೈಯುತ್ತಾರೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಪಿವಿಇಪರ್ಫ್ ಅನ್ನುವ ಸಣ್ಣ ಆದೇಶ ಇದೆ. ಸೆಕೆಂಡಿಗೆ ಎಷ್ಟು ಎಫ್‌ಸಿಂಕ್ ಆಗುತ್ತದೆ ಅಂತ ತೋರಿಸುತ್ತದೆ. 200ಕ್ಕಿಂತ ಜಾಸ್ತಿ ಇರಬೇಕು ಅಂತ ಅದರ ಕೈಪಿಡಿಯೇ ಹೇಳುತ್ತದೆ. ಹೊಸ ಯಂತ್ರ ಕೈಗೆ ಬಂದ ದಿನವೇ ಓಡಿಸಿ ನೋಡಿ, ಅಂಕಿ ಬರೆದಿಟ್ಟುಕೊಳ್ಳಿ. ಎಲ್ಲರೂ ಪ್ರೊಸೆಸರಿಗೆ ಹಣ ಸುರಿಯುತ್ತಾರೆ. ಸಣ್ಣ ಕಚೇರಿಯಲ್ಲಿ ಪ್ರೊಸೆಸರ್ ಬಹುಪಾಲು ಹೊತ್ತು ಸುಮ್ನೆ ಕೂತಿರುತ್ತದೆ. ಆ ಹಣವನ್ನು ಡಿಸ್ಕ್‌ಗೆ ಹಾಕಿ.

ರಾಮ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಝಡ್‌ಎಫ್‌ಎಸ್ ತನ್ನ ಓದುವ ಕ್ಯಾಶ್‌ಗಾಗಿ ಹೋಸ್ಟ್‌ನ ಅರ್ಧ ರಾಮ್‌ವರೆಗೆ ತಿನ್ನುತ್ತಿತ್ತು. ಪ್ರಾಕ್ಸ್‌ಮಾಕ್ಸ್ 8.1ರಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಅದು ಶೇ 10ಕ್ಕೆ ಇಳಿದಿದೆ. ಹಳೆಯ ಇನ್‌ಸ್ಟಾಲ್ ಆದರೆ ನೀವೇ ಮಿತಿ ಹಾಕಬೇಕು. ಇರುವ ರಾಮ್‌ಗಿಂತ ಜಾಸ್ತಿ ಹಂಚುವ ಸೌಲಭ್ಯಗಳು ಇವೆ, ಬಲೂನ್ ಅಂತ, ಒಂದೇ ತರದ ಪುಟಗಳನ್ನು ಕೂಡಿಸುವ ಕೆಎಸ್‌ಎಂ ಅಂತ. ಸಣ್ಣ ಕಚೇರಿಗೆ ಅದರ ಗೊಡವೆ ಬೇಡ. 32 ಜಿಬಿ ಇದ್ದರೆ 24ರ ಒಳಗೆ ಹಂಚಿ.

ಗಡಿಯಾರ

ಹಳೆಯ ಕಾಲದಲ್ಲಿ ವಿಎಂನ ಗಡಿಯಾರ ಹಿಂದೆ ಬೀಳುವುದು ದೊಡ್ಡ ತಲೆನೋವಾಗಿತ್ತು. ಆಗಿನ ಲಿನಕ್ಸ್ ಟೈಮರ್ ಬಡಿತಗಳನ್ನು ಎಣಿಸಿ ಹೊತ್ತು ಲೆಕ್ಕ ಹಾಕುತ್ತಿತ್ತು. ಸೆಂಟ್‌ಓಎಸ್ 5 ಅನ್ನುವ ಲಿನಕ್ಸ್‌ನ ಕಾಲದಲ್ಲಿ ಸೆಕೆಂಡಿಗೆ 1000 ಬಡಿತ. ಹೋಸ್ಟ್ ಬೇರೆ ಕೆಲಸದಲ್ಲಿದ್ದರೆ ಗೆಸ್ಟ್‌ಗೆ ಕೆಲವು ಬಡಿತ ತಪ್ಪುತ್ತಿತ್ತು. ತಪ್ಪಿದಷ್ಟು ಹೊತ್ತು ಮಾಯ. ಬೂಟ್ ಸಾಲಿನಲ್ಲಿ ಡಿವೈಡರ್=10 ಅಂತ ಬರೆದು ಅದನ್ನು 100ಕ್ಕೆ ಇಳಿಸುವುದೇ ಆಗಿನ ಮದ್ದು. ಗಡಿಯಾರವನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ ಇನ್ನೊಂದು ತೊಂದರೆ. ಡವ್‌ಕಾಟ್ ಮೇಲ್ ಸರ್ವರಿನ ಹಳೆಯ ಆವೃತ್ತಿಗಳು ಹೊತ್ತು ಹಿಂದೆ ಹೋಯಿತು ಅಂತ ಕಂಡರೆ ತಾವೇ ನಿಂತುಬಿಡುತ್ತಿದ್ದವು.

ಈಗ ಕೆವಿಎಂ-ಕ್ಲಾಕ್ ಇದೆ. ಗೆಸ್ಟ್ ಹೊತ್ತನ್ನು ಹೋಸ್ಟ್‌ನಿಂದಲೇ ಓದುತ್ತದೆ. ಆದರೂ ವಿಎಂ ಅನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಾಗ, ಮೆಮೊರಿ ಸಮೇತ ಸ್ನ್ಯಾಪ್‌ಶಾಟಿಗೆ (ಹಿಂದೆ ಉಳಿಸಿಟ್ಟ ಒಂದು ಕ್ಷಣದ ಸ್ಥಿತಿಗೆ) ಹಿಂದಿರುಗಿದಾಗ ಗಡಿಯಾರ ಹಿಂದೆ ಉಳಿಯಬಹುದು. ಸಾಂಬಾವನ್ನು ಆಕ್ಟಿವ್ ಡೈರೆಕ್ಟರಿಯಾಗಿ (ಎಲ್ಲರ ಲಾಗಿನ್ ಒಂದೇ ಕಡೆ ನೋಡುವ ವ್ಯವಸ್ಥೆ) ಓಡಿಸುವವರು ಇದನ್ನು ನೆನಪಿಡಿ. ಅಲ್ಲಿ ಲಾಗಿನ್ ಪರೀಕ್ಷಿಸುವ ಕರ್ಬೆರೋಸ್ ಐದು ನಿಮಿಷದ ವ್ಯತ್ಯಾಸ ಮಾತ್ರ ಸಹಿಸುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಪಾಸ್‌ವರ್ಡ್ ಸರಿಯಿದ್ದರೂ ಯಾರೂ ಲಾಗಿನ್ ಆಗುವುದಿಲ್ಲ. ಎಲ್ಲರೂ ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ.

ನಮ್ಮ ದೇಶದಲ್ಲಿ ಇದು ಕಾನೂನಿನ ವಿಷಯವೂ ಹೌದು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನಗಳು ಕಂಪನಿಗಳಿಗೂ ಅನ್ವಯಿಸುತ್ತವೆ. ಕಂಪ್ಯೂಟರುಗಳ ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ, ಸಮಯ ತಿಳಿಸುವ ಎನ್‌ಟಿಪಿ ಸರ್ವರುಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರುಗಳಿಗೆ ಜೋಡಿಸಿರಬೇಕು. ಲಾಗ್‌ಗಳು (ಯಂತ್ರದ ಚಟುವಟಿಕೆಯ ದಾಖಲೆಗಳು) 180 ದಿನ ಉಳಿಯಬೇಕು. ಸಣ್ಣ ಉದ್ಯಮಗಳಿಗೆ 2022ರ ಸೆಪ್ಟೆಂಬರ್ 25ರವರೆಗೆ ಸಮಯ ಕೊಟ್ಟಿದ್ದರು. ಹೋಸ್ಟ್‌ನಲ್ಲೂ ಗೆಸ್ಟ್‌ನಲ್ಲೂ ಸಮಯ ಹೊಂದಿಸುವ ಕ್ರೋನಿ ಸಾಫ್ಟ್‌ವೇರ್ ಹಾಕಿ, ಅಲ್ಲಿಗೆ ಜೋಡಿಸಿ. ವಿಎಂವೇರ್ ಬಳಸುವವರು ವಿಎಂವೇರ್ ಟೂಲ್ಸ್‌ನ ಸಮಯ ಹೊಂದಾಣಿಕೆಯನ್ನೂ ಅದರ ಜೊತೆಗೆ ನಡೆಸಬೇಡಿ. ಗಡಿಯಾರಕ್ಕೆ ಇಬ್ಬರು ಯಜಮಾನರು ಬೇಡ.

ಬಾಗಿಲು ಯಾವುದು

ಎಸ್‌ಎಂಇ ಸರ್ವರನ್ನು ಬಹಳ ಕಡೆ ಗೇಟ್‌ವೇ ಆಗಿಯೂ ಬಳಸುತ್ತಾರೆ. ಇಂಟರ್ನೆಟ್ ಒಂದು ಕಾರ್ಡಿನಲ್ಲಿ ಬರುತ್ತದೆ, ಕಚೇರಿ ಇನ್ನೊಂದರಲ್ಲಿ. ವಿಎಂನಲ್ಲೂ ಇದು ಸಾಧ್ಯ. ಹೋಸ್ಟ್‌ನಲ್ಲಿ ಎರಡು ಬ್ರಿಡ್ಜ್ (ಗೆಸ್ಟ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ವರ್ಚುವಲ್ ಸ್ವಿಚ್) ಮಾಡಿ, ಒಂದೊಂದಕ್ಕೆ ಒಂದೊಂದು ಕಾರ್ಡ್ ಜೋಡಿಸಬೇಕು. ಇಂಟರ್ನೆಟ್ ಕಡೆಯ ಬ್ರಿಡ್ಜ್ ಮೇಲೆ ಹೋಸ್ಟ್‌ಗೆ ಐಪಿ ವಿಳಾಸವೇ ಇರಬಾರದು. ಆ ತಂತಿ ನೇರವಾಗಿ ಗೆಸ್ಟ್‌ಗೆ ಹೋಗಲಿ. ಇದನ್ನು ಮರೆತರೆ ಹೋಸ್ಟ್‌ನ ನಿರ್ವಹಣೆಯ ಪುಟ ಇಡೀ ಜಗತ್ತಿಗೆ ತೆರೆದುಕೊಳ್ಳುತ್ತದೆ.

ಆದರೂ ಗೇಟ್‌ವೇಯನ್ನು ವಿಎಂ ಮಾಡುವುದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಹೋಸ್ಟ್ ಬಿದ್ದ ದಿನ ಇಂಟರ್ನೆಟ್ಟೂ ಬೀಳುತ್ತದೆ. ರಿಪೇರಿಗೆ ಏನಾದರೂ ಹುಡುಕಬೇಕು, ಡೌನ್‌ಲೋಡ್ ಮಾಡಬೇಕು ಅಂದರೆ ದಾರಿಯೇ ಇಲ್ಲ. ಡಿಎಚ್‌ಸಿಪಿ ಕೂಡ ಅಲ್ಲೇ ಇದ್ದರೆ ಯಾವ ಕಂಪ್ಯೂಟರಿಗೂ ವಿಳಾಸ ಸಿಗುವುದಿಲ್ಲ. ಆ ಕೆಲಸ ಒಂದು ಸಣ್ಣ ರೌಟರ್ ಮಾಡಲಿ.

2023ರ ಫೆಬ್ರವರಿಯಲ್ಲಿ ನಡೆದದ್ದನ್ನು ನೋಡಿ. ಇಎಸ್‌ಎಕ್ಸ್‌ಐ-ಆರ್ಗ್ಸ್ ಅನ್ನುವ ರಾನ್ಸಮ್‌ವೇರ್ (ಹಣಕ್ಕಾಗಿ ಡೇಟಾಗೆ ಬೀಗ ಹಾಕುವ ಸಾಫ್ಟ್‌ವೇರ್) ಹಲವು ದೇಶಗಳಲ್ಲಿ ಸಾವಿರಾರು ಹೋಸ್ಟ್‌ಗಳಿಗೆ ತಗುಲಿತು. ಗೆಸ್ಟ್‌ಗಳ ಒಳಗೆ ಹೋಗುವ ಕಷ್ಟವನ್ನೇ ಅದು ತೆಗೆದುಕೊಳ್ಳಲಿಲ್ಲ. ನೇರವಾಗಿ ಹೋಸ್ಟ್‌ನಲ್ಲಿರುವ ವರ್ಚುವಲ್ ಡಿಸ್ಕ್ ಕಡತಗಳಿಗೆ ಬೀಗ ಹಾಕಿತು. ದಾಳಿಗೆ ಬಳಕೆಯಾಯಿತು ಅಂತ ಹೇಳಲಾದ, ಇಎಸ್‌ಎಕ್ಸ್‌ಐನ ಓಪನ್‌ಎಸ್‌ಎಲ್‌ಪಿ ಭಾಗದ ದೋಷಕ್ಕೆ 2021ರ ಫೆಬ್ರವರಿಯಲ್ಲೇ ತೇಪೆ ಬಂದಿತ್ತು. ಎರಡು ವರ್ಷ ಅದನ್ನು ಹಾಕದೆ ಬಿಟ್ಟ, ಇಂಟರ್ನೆಟ್ಟಿಗೆ ತೆರೆದಿಟ್ಟ ಯಂತ್ರಗಳು ಸಿಕ್ಕಿಬಿದ್ದವು. ಒಂದು ಪೆಟ್ಟಿಗೆಯಲ್ಲಿ ಎಲ್ಲವನ್ನೂ ಇಟ್ಟಾಗ ಆ ಪೆಟ್ಟಿಗೆಯ ಬಾಗಿಲು ಬಹಳ ಬೆಲೆಬಾಳುತ್ತದೆ. ಪ್ರಾಕ್ಸ್‌ಮಾಕ್ಸ್‌ನ 8006 ಪೋರ್ಟ್ ಹೊರಗಿನವರಿಗೆ ಯಾವತ್ತೂ ಕಾಣಬಾರದು. ಹೊರಗಿನಿಂದ ಬೇಕಾದರೆ ವಿಪಿಎನ್ ಮೂಲಕ ಬನ್ನಿ.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ

ಅಪ್‌ಡೇಟ್ ಹಾಕುವ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದು, ಕೆಟ್ಟರೆ ಹಿಂದಕ್ಕೆ ಹೋಗುವುದು ಬಹಳ ಒಳ್ಳೆಯ ಸೌಲಭ್ಯ. ಆದರೆ ಅದು ಅದೇ ಡಿಸ್ಕ್‌ನಲ್ಲಿ ಇರುತ್ತದೆ. ಡಿಸ್ಕ್ ಹೋದರೆ ಅದೂ ಹೋಯಿತು. ತೆಗೆದ ಸ್ನ್ಯಾಪ್‌ಶಾಟನ್ನು ಅಳಿಸದೆ ಮರೆತರೆ ಬದಲಾವಣೆಗಳ ಕಡತ ಬೆಳೆಯುತ್ತಲೇ ಹೋಗುತ್ತದೆ. ಒಂದು ದಿನ ಜಾಗ ತುಂಬಿ ಎಲ್ಲ ವಿಎಂಗಳೂ ನಿಲ್ಲುತ್ತವೆ. ಎರಡು ಡೊಮೈನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್) ಇದ್ದು ಒಂದನ್ನು ಮಾತ್ರ ಹಿಂದಕ್ಕೆ ಒಯ್ದರೆ ಅವೆರಡರ ಲೆಕ್ಕ ತಾಳೆಯಾಗುವುದಿಲ್ಲ.

ಬ್ಯಾಕಪ್ ಅಂದರೆ ಬೇರೆ ಯಂತ್ರದಲ್ಲಿ, ಬೇರೆ ಪಾಸ್‌ವರ್ಡಿನ ಹಿಂದೆ ಇರುವ ನಕಲು. ಪ್ರಾಕ್ಸ್‌ಮಾಕ್ಸ್‌ನ ವಿಝಡ್‌ಡಂಪ್ ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ನಕಲು ತೆಗೆಯುತ್ತದೆ. ಗೆಸ್ಟ್ ಒಳಗೆ ಕ್ಯೂಇಎಂಯು ಗೆಸ್ಟ್ ಏಜೆಂಟ್ ಅನ್ನುವ ಸಣ್ಣ ಸಾಫ್ಟ್‌ವೇರ್ ಹಾಕಿದ್ದರೆ, ನಕಲಿನ ಕ್ಷಣದಲ್ಲಿ ಫೈಲ್ ಸಿಸ್ಟಮನ್ನು ಒಂದು ಗಳಿಗೆ ಹಿಡಿದು ನಿಲ್ಲಿಸುತ್ತದೆ. ಫೈಲುಗಳಿಗೆ ಇದು ಸಾಕು. ಡೇಟಾಬೇಸಿಗೆ ನಾನು ಇಷ್ಟಕ್ಕೆ ನಂಬುವುದಿಲ್ಲ. ರಾತ್ರಿ ಬ್ಯಾಕಪ್ ಶುರುವಾಗುವ ಮೊದಲು ಡೇಟಾಬೇಸಿನ ಡಂಪ್ (ಅದರ ಡೇಟಾ ಎಲ್ಲ ಇರುವ ನಕಲು ಕಡತ) ಪ್ರತ್ಯೇಕವಾಗಿ ತೆಗೆದಿಡಿ. ಇಡೀ ವಿಎಂ ಬೇಡ, ಒಂದೇ ಟೇಬಲ್ ಬೇಕು ಅನ್ನುವ ದಿನ ಅದು ಕೈಹಿಡಿಯುತ್ತದೆ.

ನಮ್ಮ ಕಚೇರಿಗಳಲ್ಲಿ ಲೆಕ್ಕ ಅಂದರೆ ಹೆಚ್ಚಾಗಿ ಟ್ಯಾಲಿ. 1986ರಲ್ಲಿ ಶುರುವಾದ ನಮ್ಮ ಬೆಂಗಳೂರಿನದೇ ಕಂಪನಿ. ಅದಕ್ಕೆ ಒಂದು ವಿಂಡೋಸ್ ವಿಎಂ, ಫೈಲ್‌ಗಳಿಗೆ ಒಂದು ಲಿನಕ್ಸ್ ವಿಎಂ, ಎರಡೂ ಒಂದೇ ಹೋಸ್ಟ್‌ನಲ್ಲಿ ಇಡುವುದು ಚೆನ್ನಾಗಿ ನಡೆಯುತ್ತದೆ. ಕಂಪನಿಯಾಗಿ ನೋಂದಾಯಿಸಿದವರಿಗೆ ಇನ್ನೊಂದು ಹೊಣೆ ಇದೆ. ಕಂಪ್ಯೂಟರಿನಲ್ಲಿ ಇಟ್ಟ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರಿನಲ್ಲಿ ದಿನವೂ ಆಗಬೇಕು. 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಿ 'ನಿಯತಕಾಲಿಕ' ಅಂತ ಇದ್ದದ್ದನ್ನು 'ದೈನಂದಿನ' ಮಾಡಿದರು. ವಿಎಂ ಬ್ಯಾಕಪ್ಪನ್ನು ರಾತ್ರಿಗೊಮ್ಮೆ ಹಚ್ಚಿಟ್ಟು, ಅದು ಹೋಗಿ ಕೂರುವ ಜಾಗ ನಮ್ಮ ದೇಶದ್ದೇ ಆಗಿದ್ದರೆ ಈ ಕೆಲಸ ತಾನಾಗೇ ನಡೆಯುತ್ತದೆ.

ಮತ್ತೆ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿ. ಆ ನಕಲಿನ ನೆಟ್‌ವರ್ಕ್ ಲಿಂಕನ್ನು ಕಡಿದಿಟ್ಟು ಎಬ್ಬಿಸಿ. ಇಲ್ಲದಿದ್ದರೆ ಒಂದೇ ಐಪಿಯ ಎರಡು ಸರ್ವರ್ ಕಚೇರಿಯಲ್ಲಿ ಜಗಳವಾಡುತ್ತವೆ. ಬಳಕೆದಾರರ ಪಟ್ಟಿ ಇದೆಯಾ, ನಿನ್ನೆಯ ಫೈಲ್ ತೆರೆಯುತ್ತದಾ, ಲೆಕ್ಕದ ಕೊನೆಯ ವೋಚರ್ ಕಾಣುತ್ತದಾ ಅಂತ ಕಣ್ಣಾರೆ ನೋಡಿ. ಎಷ್ಟು ಹೊತ್ತಾಯಿತು ಅಂತ ಬರೆದಿಡಿ. ಮಾಲೀಕರು 'ಸರ್ವರ್ ಬಿದ್ದರೆ ಎಷ್ಟು ಹೊತ್ತು?' ಅಂತ ಕೇಳಿದಾಗ ಊಹೆ ಹೇಳಬೇಕಾಗಿಲ್ಲ. ಆ ಅಂಕಿಯನ್ನೇ ಹೇಳಬಹುದು.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಯುಪಿಎಸ್‌ನ ಯುಎಸ್‌ಬಿ ತಂತಿ ಹೋಸ್ಟ್‌ಗೆ ಹೋಗಬೇಕು, ಗೆಸ್ಟ್‌ಗೆ ಅಲ್ಲ. ಯುಪಿಎಸ್ ಮೇಲೆ ಕಣ್ಣಿಡುವ ಎನ್‌ಯುಟಿ ಸಾಫ್ಟ್‌ವೇರ್ ಹಾಕಿ. ಬ್ಯಾಟರಿ ಇಳಿದಾಗ ಹೋಸ್ಟ್ ಮೊದಲು ಗೆಸ್ಟ್‌ಗಳನ್ನು ಮಲಗಿಸಿ ಆಮೇಲೆ ತಾನು ಮಲಗುತ್ತದೆ. ಪ್ರತಿ ವಿಎಂಗೆ ಪ್ರಾಕ್ಸ್‌ಮಾಕ್ಸ್ ಕೊಡುವ ಕಾಲಾವಕಾಶ 180 ಸೆಕೆಂಡ್. ನಿಮ್ಮ ಬ್ಯಾಟರಿ ಅಷ್ಟು ಹೊತ್ತು ತಡೆಯುತ್ತದಾ ಅಂತ ನಿಜವಾಗಿ ಪ್ಲಗ್ ಕಿತ್ತು ನೋಡಿ, ಭಾನುವಾರ ಕಚೇರಿ ಖಾಲಿ ಇದ್ದಾಗ. ಕರೆಂಟ್ ಬಂದ ಮೇಲೆ ತಾನಾಗೇ ಏಳುವ ಆಯ್ಕೆಯನ್ನು ಬಯಾಸ್‌ನಲ್ಲಿ ಹಾಕಿ.

ಇನ್ನೊಂದು ಎಚ್ಚರಿಕೆ. ಮೊದಲೆಲ್ಲ ಹಾರ್ಡ್‌ವೇರ್ ಸಾಯುತ್ತಿತ್ತು, ಆ ನೆಪದಲ್ಲಿ ಹೊಸ ಲಿನಕ್ಸ್ ಬರುತ್ತಿತ್ತು. ವಿಎಂಗೆ ಸಾವಿಲ್ಲ. ಹತ್ತು ವರ್ಷ ಹಳೆಯ ಸರ್ವರನ್ನು ಹೊಸ ಯಂತ್ರದ ಮೇಲೆ ಹಾಗೇ ಕೂರಿಸಬಹುದು. ಇದು ನನಗೆ ನಿಜವಾಗಿ ಚಿಂತೆ ತರುತ್ತದೆ. ಸೆಂಟ್‌ಓಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಎಸ್‌ಎಂಇ ಸರ್ವರ್ 10 ನಿಂತಿರುವುದು ಅದರ ಮೇಲೆಯೇ. 2017ರಲ್ಲಿ ಸಾಂಬಾದಲ್ಲಿ ಒಂದು ದೊಡ್ಡ ದೋಷ ಸಿಕ್ಕಿತು. ಅದು 3.5.0ರಿಂದ, ಅಂದರೆ ಏಳು ವರ್ಷದಿಂದ ಇತ್ತು. ಬರೆಯಲು ಅನುಮತಿ ಇರುವ ಒಂದು ಹಂಚಿಕೆ ಸಿಕ್ಕರೆ ಸಾಕು, ಸರ್ವರೇ ಕೈಗೆ ಸಿಗುತ್ತಿತ್ತು. ಅಂಥ ಹಳೆಯ ಗೆಸ್ಟ್‌ಗಳನ್ನು ಸುಮ್ನೆ ಓಡುತ್ತಿದೆ ಅಂತ ಬಿಡಬೇಡಿ. ವಿಎಂ ಇರುವುದರಿಂದ ಹೊಸದನ್ನು ಪಕ್ಕದಲ್ಲೇ ಕಟ್ಟಿ, ಡೇಟಾ ಸಾಗಿಸಿ, ಒಂದು ವಾರ ನೋಡಿ, ಆಮೇಲೆ ಹಳೆಯದನ್ನು ಮಲಗಿಸಬಹುದು. ಪೆಟ್ಟಿಗೆ ಒಂದೇ ಇದ್ದಾಗ ಈ ಅನುಕೂಲ ಇರಲಿಲ್ಲ ಅಲ್ವಾ?

ಕೇಳಿದ ಪ್ರಶ್ನೆಗಳು

*ನಮ್ಮಲ್ಲಿ ಇರುವುದೇ ಒಂದು ಸರ್ವರ್. ಒಂದಕ್ಕೋಸ್ಕರ ಇಷ್ಟೆಲ್ಲ ಬೇಕಾ?*

ಬೇಕು. ಒಂದೇ ಇರುವವರಿಗೇ ಜಾಸ್ತಿ ಬೇಕು. ಹತ್ತು ಸರ್ವರ್ ಇರುವವರು ಒಂದು ಬಿದ್ದರೆ ತಡೆದುಕೊಳ್ಳುತ್ತಾರೆ.

*ವಿಂಡೋಸ್ ಪಿಸಿ ಮೇಲೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಲಿನಕ್ಸ್ ಸರ್ವರ್ ಓಡಿಸಬಹುದಾ?*

ಕಲಿಯಲು ಧಾರಾಳವಾಗಿ. ಕಚೇರಿ ನಡೆಸಲು ಬೇಡ. ವಿಂಡೋಸ್ ತನ್ನ ಅಪ್‌ಡೇಟಿಗೆ ತಾನೇ ರೀಸ್ಟಾರ್ಟ್ ಆಗುತ್ತದೆ. ಆ ಪಿಸಿ ಮೇಲೆ ಯಾರೋ ಕೂತು ಕೆಲಸ ಮಾಡುತ್ತಿರುತ್ತಾರೆ, ಸಂಜೆ ಆಫ್ ಮಾಡುತ್ತಾರೆ. ಸರ್ವರ್ ಹೊತ್ತ ಯಂತ್ರಕ್ಕೆ ಬೇರೆ ಕೆಲಸ ಇರಬಾರದು.

*ಸಿಪಿಯು ಮಾದರಿ ಕೇಳುತ್ತದೆ. ಏನು ಹಾಕಬೇಕು?*

'ಹೋಸ್ಟ್' ಅಂತ ಹಾಕಿದರೆ ವೇಗ ಸ್ವಲ್ಪ ಸಿಗುತ್ತದೆ, ಆದರೆ ಗೆಸ್ಟ್ ಆ ಪ್ರೊಸೆಸರಿಗೆ ಹೊಂದಿಕೊಂಡುಬಿಡುತ್ತದೆ. ಓಡುತ್ತಿರುವಾಗಲೇ ಬೇರೆ ತರದ ಯಂತ್ರಕ್ಕೆ ಸಾಗಿಸಿದರೆ ಎಡವಬಹುದು. ಪ್ರಾಕ್ಸ್‌ಮಾಕ್ಸ್ 8 ತಾನಾಗಿ ಕೊಡುವ ಎಕ್ಸ್86-64-ವಿ2-ಎಇಎಸ್ ಒಳ್ಳೆಯ ಮಧ್ಯದ ದಾರಿ. ಅದಕ್ಕಿಂತ ಹಿಂದಿನ ಕೆವಿಎಂ64 ಮಾದರಿಯಲ್ಲಿ ರಾಕಿ ಲಿನಕ್ಸ್ 9 ಬೂಟೇ ಆಗುವುದಿಲ್ಲ, ಅದಕ್ಕೆ ಕನಿಷ್ಠ ವಿ2 ಮಟ್ಟದ ಪ್ರೊಸೆಸರ್ ಮಾದರಿ ಬೇಕು.

*ರಿಸ್ಟೋರ್ ಮಾಡಲು ಎರಡನೇ ಯಂತ್ರ ಅಂದಿರಿ. ಅಷ್ಟು ಹಣ ಇಲ್ಲದಿದ್ದರೆ?*

ಹೊಸದು ಬೇಕಾಗಿಲ್ಲ. ಬದಲಿಸಿದ ಹಳೆಯ ಡೆಸ್ಕ್‌ಟಾಪ್ ಸಾಕು. ಬಯಾಸ್‌ನಲ್ಲಿ ಚಿಪ್‌ನ ವರ್ಚುವಲೈಸೇಶನ್ ಬೆಂಬಲ (ವಿಟಿ-ಎಕ್ಸ್ ಅಥವಾ ಎಎಂಡಿ-ವಿ) ಆನ್ ಇರಲಿ, 16 ಜಿಬಿ ರಾಮ್ ಹಾಕಿಸಿ, ಪ್ರಾಕ್ಸ್‌ಮಾಕ್ಸ್ ಹಾಕಿ ಇಟ್ಟುಕೊಳ್ಳಿ. ನಿಧಾನವಾಗಿ ಓಡುತ್ತದೆ, ಆದರೆ ಅಂಗಡಿ ಬಾಗಿಲು ಹಾಕಬೇಕಾಗುವುದಿಲ್ಲ. ಒಂದು ವಿಷಯ ಗಮನಿಸಿ. ವಿಎಂ ಬ್ಯಾಕಪ್ಪಿನೊಳಗೆ ಆ ವಿಎಂನ ಸೆಟ್ಟಿಂಗ್ ಇರುತ್ತದೆ. ಹೋಸ್ಟ್‌ನ ನೆಟ್‌ವರ್ಕ್ ಸೆಟ್ಟಿಂಗ್ ಅದರಲ್ಲಿ ಇರುವುದಿಲ್ಲ. ಯಾವ ಕಾರ್ಡ್ ಯಾವ ಬ್ರಿಡ್ಜ್‌ಗೆ, ಹೋಸ್ಟ್‌ನ ಐಪಿ ಏನು, ಬ್ಯಾಕಪ್ ಇರುವ ಜಾಗ ಎಲ್ಲಿ, ಅದು ಗೂಢಲಿಪಿಯಲ್ಲಿದ್ದರೆ ಅದರ ಕೀ ಏನು ಅನ್ನುವುದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಮಾಲೀಕರ ಹತ್ತಿರ ಲಕೋಟೆಯಲ್ಲಿ ಕೊಟ್ಟಿಡಿ. ಆ ಮಾಹಿತಿಯನ್ನು ಸರ್ವರಿನ ಒಳಗೆ ಮಾತ್ರ ಇಟ್ಟುಕೊಂಡರೆ, ಬೇಕಾದ ದಿನ ಅದನ್ನು ತೆರೆಯಲು ಸರ್ವರೇ ಇರುವುದಿಲ್ಲ.